ಮುಗಿದ ಕೈ, ಮುಟ್ಟಿದ ಕೈ

ಕ್ರೈಸ್ತರ ಆರಾಧನೆ ಚರ್ಚಿನ ಬಾಗಿಲಲ್ಲಿ ಮುಗಿಯುತ್ತದೆಯೇ, ಅಲ್ಲಿಂದಲೇ ಶುರುವಾಗುತ್ತದೆಯೇ? ಬಿನ್ನಿಪೇಟೆಯಿಂದ ಸುಮನಹಳ್ಳಿಯವರೆಗಿನ ಮಾಗಡಿ ರಸ್ತೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಹಳಬರಿಗೆ ಬಿನ್ನಿಪೇಟೆ ಎಂದೊಡನೆ ನೆನಪಾಗುವುದು ಗಿರಣಿ. 1884ರಲ್ಲಿ ಆರಂಭವಾಗಿ, ಮುಂದೆ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಈ ಬಡಾವಣೆಗೆ ಹೆಸರನ್ನೂ ಸಾವಿರಾರು ಕುಟುಂಬಗಳಿಗೆ ಅನ್ನವನ್ನೂ ಕೊಟ್ಟಿತು. ಬೇರೆ ಬೇರೆ ಭಾಷೆಯ, ಬೇರೆ ಬೇರೆ ಧರ್ಮದ ಕೆಲಸಗಾರರು ಒಂದೇ ಗೇಟಿನೊಳಗೆ ಹೋಗಿ ಬಂದರು. ಗಿರಣಿ ಮುಚ್ಚಿ ವರ್ಷಗಳಾದವು. ಅದರ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳಿವೆ. 2015ರಿಂದ ಮಗ್ಗುಲಲ್ಲೇ ಮೆಟ್ರೊ ರೈಲು ಓಡುತ್ತಿದೆ.

ಬಿನ್ನಿಪೇಟೆಯ ಅಂಚಿನಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ಟೋಲ್‌ಗೇಟ್, ಆಮೇಲೆ ಕಾಮಾಕ್ಷಿಪಾಳ್ಯ, ಅದನ್ನು ದಾಟಿದರೆ ಹೊರವರ್ತುಲ ರಸ್ತೆ ಕೂಡುವ ಸುಮನಹಳ್ಳಿ. ದಿನವೂ ಈ ದಾರಿಯಲ್ಲಿ ಶಾಲೆ ಕಾಲೇಜಿಗೆ, ಕಾರ್ಖಾನೆಗೆ ಹೋಗಿ ಬರುವ ಬಹಳ ಮಂದಿಗೆ ಸುಮನಹಳ್ಳಿ ಎಂದರೆ ಒಂದು ಮೇಲ್ಸೇತುವೆ, ಒಂದು ಬಸ್ ಸ್ಟಾಪು. ಹಿಂದೆ ಇಲ್ಲಿದ್ದ ಯಾವುದೋ ಹಳ್ಳಿಯ ಹೆಸರಿರಬೇಕು ಎಂದುಕೊಳ್ಳುವವರೂ ಉಂಟು. ಆದರೆ ಅದು, ಕುಷ್ಠರೋಗ ತಗುಲಿ ಮನೆಯಿಂದ ಹೊರಬಿದ್ದವರಿಗಾಗಿ 1970ರ ದಶಕದ ಕೊನೆಯಲ್ಲಿ ಆರಂಭವಾದ ಒಂದು ಪುನರ್ವಸತಿ ಕೇಂದ್ರದ ಹೆಸರು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂದು ಅದರ ಅರ್ಥ.

ಈ ಕೇಂದ್ರಕ್ಕೆ ರಾಜ್ಯ ಸರ್ಕಾರ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತ್ಯ ಹೊಣೆ ಹೊತ್ತುಕೊಂಡಿತು. ಕ್ಲಾರೆಷಿಯನ್ ಸಭೆಯ ಪಾದ್ರಿಗಳು ಅದರ ಆಡಳಿತ ನೋಡಿಕೊಂಡರು. ಹತ್ತಿರದಲ್ಲೇ ಜನ ಬೆಗ್ಗರ್ಸ್ ಕಾಲೊನಿ ಎಂದು ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರವಿದೆ. ಕುಷ್ಠ ಬಂದವರಿಗೆ ಆ ದಿನಗಳಲ್ಲಿ ಭಿಕ್ಷೆ ಬಿಟ್ಟರೆ ಬೇರೆ ದಾರಿ ಇರುವುದು ಅಪರೂಪವಾಗಿತ್ತು. ರೋಗ ಕೈಬೆರಳನ್ನು ತಿಂದರೆ ಸಮಾಜ ಕೆಲಸವನ್ನು ಕಿತ್ತುಕೊಳ್ಳುತ್ತಿತ್ತು.

ಇಂಥ ಕೇಂದ್ರದಲ್ಲಿ ಬಲಿಪೂಜೆ ಅರ್ಪಿಸುವ ಪಾದ್ರಿಯೇ ಹುಣ್ಣು ತೊಳೆಯುವವರ ಜೊತೆ ನಿಲ್ಲಬೇಕಾಗುತ್ತದೆ. ಇವೆರಡು ಬೇರೆ ಬೇರೆ ಕೆಲಸಗಳೇ? ಒಂದು ದೇವರದು, ಇನ್ನೊಂದು ಸಮಾಜದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಕ್ರೈಸ್ತ ಧರ್ಮದ ಮೂಲ ಗ್ರಂಥಗಳು ಹಾಗೆ ಹೇಳುವುದಿಲ್ಲ. ಅವುಗಳ ಪ್ರಕಾರ ಎರಡೂ ಒಂದೇ ಆರಾಧನೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಸೇವೆ ಎಂಬ ಮಾತು

ಕನ್ನಡದ ‘ಸೇವೆ’ ಎಂಬ ಶಬ್ದವನ್ನೇ ನೋಡಿ. ದೇವಸ್ಥಾನದಲ್ಲಿ ಅರ್ಚನೆ, ಅಭಿಷೇಕ ಮಾಡಿಸಿದರೂ ಅದು ಸೇವೆ. ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸಿದರೂ ಅದು ಸೇವೆ. ಒಂದೇ ಮಾತಿನಲ್ಲಿ ಪೂಜೆಯೂ ಇದೆ, ಉಪಚಾರವೂ ಇದೆ. ನಾವು ದಿನವೂ ಆಡುವುದರಿಂದ ಇದರ ವಿಶೇಷ ನಮ್ಮ ಗಮನಕ್ಕೆ ಬರುವುದಿಲ್ಲ.

ಬೈಬಲ್ ಹುಟ್ಟಿದ ಭಾಷೆಗಳಲ್ಲೂ ಹೀಗೆಯೇ ಇದೆ. ಹೀಬ್ರೂ ಭಾಷೆಯ ‘ಅವೋದಾ’ ಎಂಬ ಶಬ್ದಕ್ಕೆ ದುಡಿಮೆ ಎಂದೂ ಅರ್ಥ, ದೇವರ ಆರಾಧನೆ ಎಂದೂ ಅರ್ಥ. ಚರ್ಚಿನ ಪೂಜಾವಿಧಿಗೆ ಇಂಗ್ಲಿಷಿನಲ್ಲಿ ‘ಲಿಟರ್ಜಿ’ ಎನ್ನುತ್ತಾರೆ. ಅದರ ಮೂಲ ಗ್ರೀಕ್ ಶಬ್ದ ‘ಲೇತೂರ್ಗಿಯಾ’. ಪ್ರಾಚೀನ ಅಥೆನ್ಸ್‌ನಲ್ಲಿ ಸಿರಿವಂತ ನಾಗರಿಕರು ತಮ್ಮ ಖರ್ಚಿನಲ್ಲಿ ಯುದ್ಧನೌಕೆ ಸಜ್ಜುಗೊಳಿಸುವುದು, ಉತ್ಸವದ ನಾಟಕಕ್ಕೆ ಹಣ ಒದಗಿಸುವುದು ಮುಂತಾದ ಸಾರ್ವಜನಿಕ ಸೇವೆಗೆ ಈ ಹೆಸರಿತ್ತು. ಕಥೋಲಿಕರ ಬಲಿಪೂಜೆಗೆ ‘ಮಾಸ್’ ಎಂಬ ಹೆಸರು ಬಂದದ್ದು ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಲ್ಯಾಟಿನ್ ಮಾತಿನಿಂದ. ಕಳುಹಿಸುವುದು ಎಂಬುದು ಅದರ ಮೂಲ. ಅಂದರೆ ಪೂಜೆಗೆ ಹೆಸರು ಬಂದದ್ದು ಬಂದು ಕೂರುವುದರಿಂದಲ್ಲ, ಎದ್ದು ಹೋಗುವುದರಿಂದ. ಹೋಗಿ ಏನು ಮಾಡಬೇಕು ಎಂಬುದೇ ಮುಂದಿನ ಪ್ರಶ್ನೆ.

ಕಾಣಿಕೆ ಅಲ್ಲೇ ಇರಲಿ

ಯೇಸುಕ್ರಿಸ್ತನ ಬೋಧನೆಯಲ್ಲಿ ಇದಕ್ಕೆ ಉತ್ತರ ಬಲು ನೇರವಾಗಿದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಒಂದು ಸಂದರ್ಭ ಬರುತ್ತದೆ. ಒಬ್ಬ ಮನುಷ್ಯ ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿದ್ದಾನೆ. ತನ್ನ ಮೇಲೆ ಸೋದರನಿಗೆ ಬೇಸರವಿದೆ ಎಂಬುದು ಆಗ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಎನ್ನುತ್ತಾನೆ ಯೇಸು. ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಲು ಅವನ ದೃಷ್ಟಿಯಲ್ಲಿ ಇಷ್ಟು ಕಾರಣ ಸಾಕು. ಸಿಟ್ಟಾಗಿರುವವನು ಸೋದರ, ಆದರೆ ಮೊದಲು ಎದ್ದು ಹೋಗಬೇಕಾದವನು ಪೂಜೆಗೆ ಬಂದವನು ಎಂಬುದು ಇಲ್ಲಿನ ಸೂಕ್ಷ್ಮ.

ಅದೇ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕಡೆಯ ನ್ಯಾಯತೀರ್ಪಿನ ಚಿತ್ರ ಬರುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳು ಎಷ್ಟು ಪ್ರಾರ್ಥನೆ ಮಾಡಿದೆ, ಎಷ್ಟು ಉಪವಾಸ ಹಿಡಿದೆ ಎಂಬುವಲ್ಲ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ಪರದೇಶಿಗೆ ಆಸರೆ, ರೋಗಿಗೆ ಉಪಚಾರ, ಸೆರೆಯಲ್ಲಿದ್ದವನ ಭೇಟಿ, ಇಷ್ಟೇ ಪಟ್ಟಿ. ಇದರಲ್ಲಿ ಒಂದಕ್ಕೂ ಪವಾಡ ಬೇಡ. ಅವರಿಗೆ ಮಾಡಿದ್ದು ನನಗೇ ಮಾಡಿದಂತೆ ಎಂದು ದೊರೆ ಹೇಳಿದಾಗ ಒಳ್ಳೆಯ ಕೆಲಸ ಮಾಡಿದವರೇ ಬೆರಗಾಗುತ್ತಾರೆ. ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ತಾವು ಮಾಡುತ್ತಿರುವುದು ಆರಾಧನೆ ಎಂದು ಅವರಿಗೆ ತಿಳಿದೇ ಇರಲಿಲ್ಲ. ಪುಣ್ಯದ ಲೆಕ್ಕ ಇಟ್ಟುಕೊಳ್ಳದೆ ಮಾಡಿದ್ದೇ ಲೆಕ್ಕಕ್ಕೆ ಬಂತು.

ಯೇಸುವಿನ ನಂತರದ ತಲೆಮಾರಿನಲ್ಲೇ ಈ ಪಾಠವನ್ನು ಮರೆಯುವವರು ಕಾಣಿಸಿಕೊಂಡರು. ಯಾಕೋಬನ ಪತ್ರದಲ್ಲಿ ಅದರ ಸುಳಿವಿದೆ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಜಾಗ, ಹರಕು ಬಟ್ಟೆಯವನು ಬಂದರೆ ನೆಲ. ಇದು ಭಕ್ತಿಯೇ ಎಂದು ಪತ್ರ ಬರೆದವನು ಗದರಿಸುತ್ತಾನೆ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ನೋಡಿಕೊಳ್ಳುವುದೇ ಶುದ್ಧವಾದ ಭಕ್ತಿ ಎನ್ನುತ್ತಾನೆ. ಕೂಲಿಯವರ ಸಂಬಳ ಹಿಡಿದಿಟ್ಟರೆ ಆ ಸಂಬಳವೇ ದೇವರ ಬಳಿ ಕೂಗಿಡುತ್ತದೆ ಎಂಬ ಎಚ್ಚರಿಕೆಯೂ ಅದೇ ಪತ್ರದಲ್ಲಿದೆ. ಗಿರಣಿ ಕೆಲಸಗಾರರ ನೆಲೆಯಾಗಿದ್ದ ಬಿನ್ನಿಪೇಟೆಯಂಥ ಕಡೆ ಈ ಮಾತಿಗೆ ವ್ಯಾಖ್ಯಾನ ಬೇಕಾಗದು.

ನಾಲ್ಕನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯ ನಗರದಲ್ಲಿ ಬೋಧಿಸುತ್ತಿದ್ದ ಸಂತ ಜಾನ್ ಕ್ರಿಸೊಸ್ಟಮ್ ಇದನ್ನೇ ಸಿರಿವಂತರ ಮುಖಕ್ಕೆ ಹೇಳಿದ. ಪೀಠದ ಮೇಲೆ ಚಿನ್ನದ ಬಟ್ಟಲಿಟ್ಟು, ಬಾಗಿಲ ಹೊರಗೆ ಹಸಿದು ಕೂತವನನ್ನು ದಾಟಿ ಹೋದರೆ ಆ ಚಿನ್ನ ಯಾರಿಗೆ ಬೇಕು ಎಂಬುದು ಅವನ ಪ್ರವಚನದ ಸಾರ. ಬಟ್ಟಲು ಬೇಡ ಎನ್ನಲಿಲ್ಲ. ಮೊದಲು ಹೊಟ್ಟೆ, ಆಮೇಲೆ ಬಟ್ಟಲು ಎಂದ.

ಮೊದಲು ಸ್ಪರ್ಶ

ಕುಷ್ಠರೋಗಿಗಳ ಆರೈಕೆಗೂ ಕ್ರೈಸ್ತ ಧರ್ಮಕ್ಕೂ ಇಷ್ಟು ನಂಟು ಏಕೆ? ಅದರ ಬೇರು ಸುವಾರ್ತೆಯ ಒಂದು ಪುಟ್ಟ ಘಟನೆಯಲ್ಲಿದೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದ ನಿಯಮದಂತೆ ಇಂಥ ಚರ್ಮರೋಗ ಬಂದವನು ಊರ ಹೊರಗೆ ಒಂಟಿಯಾಗಿರಬೇಕು. ಯಾರಾದರೂ ಎದುರಾದರೆ ತಾನು ಅಶುದ್ಧ ಎಂದು ತಾನೇ ಕೂಗಿ ಹೇಳಬೇಕು. ಅಂಥ ಒಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ಕೈಚಾಚಿ ಅವನನ್ನು ಮುಟ್ಟುತ್ತಾನೆ. ಆಮೇಲೆ ಗುಣಪಡಿಸುವ ಮಾತಾಡುತ್ತಾನೆ. ದೂರದಿಂದಲೇ, ಬರಿಯ ಮಾತಿನಿಂದ ರೋಗ ವಾಸಿ ಮಾಡಿದ ಪ್ರಸಂಗಗಳು ಸುವಾರ್ತೆಯಲ್ಲಿ ಬೇರೆ ಇವೆ. ಹಾಗಾದರೆ ಇಲ್ಲಿ ಮುಟ್ಟಬೇಕಾದ ಅಗತ್ಯವೇನಿತ್ತು? ರೋಗ ವಾಸಿಯಾಗಲು ಮಾತು ಸಾಕಿತ್ತು. ಮನುಷ್ಯನಿಗೆ ಸ್ಪರ್ಶ ಬೇಕಿತ್ತು.

ಬೈಬಲಿನಲ್ಲಿ ‘ಕುಷ್ಠ’ ಎಂದು ಅನುವಾದವಾದ ಶಬ್ದ ಹಲವು ಬಗೆಯ ಚರ್ಮರೋಗಗಳಿಗೆ ಅನ್ವಯಿಸುತ್ತಿತ್ತು ಎಂದು ವಿದ್ವಾಂಸರು ಹೇಳುತ್ತಾರೆ. ಆದರೂ ಶತಮಾನಗಳುದ್ದಕ್ಕೂ ಓದುಗರು ಅದನ್ನು ತಮ್ಮ ಊರ ಹೊರಗಿನ ಕುಷ್ಠರೋಗಿಯ ಕಥೆ ಎಂದೇ ಓದಿದರು. 1226ರಲ್ಲಿ ತೀರಿಕೊಂಡ ಅಸ್ಸಿಸಿಯ ಸಂತ ಫ್ರಾನ್ಸಿಸ್, ತನ್ನ ಹೊಸ ಬದುಕು ಆರಂಭವಾದದ್ದು ಕುಷ್ಠರೋಗಿಗಳ ನಡುವೆ ಎಂದು ಅಂತ್ಯಕಾಲದಲ್ಲಿ ನೆನೆದ. ಮೊದಲು ಅವರನ್ನು ನೋಡುವುದೇ ಅವನಿಗೆ ಕಹಿಯಾಗಿತ್ತಂತೆ.

1873ನೇ ಇಸವಿ ಈ ರೋಗದ ಚರಿತ್ರೆಯಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ನಾರ್ವೆಯ ವೈದ್ಯ ಅರ್ಮಾವರ್ ಹ್ಯಾನ್ಸನ್ ಕುಷ್ಠದ ಬ್ಯಾಕ್ಟೀರಿಯವನ್ನು ಕಂಡುಹಿಡಿದ. ಪೂರ್ವಜನ್ಮದ ಪಾಪ, ದೇವರ ಶಾಪ, ವಂಶದ ದೋಷ ಎಂಬೆಲ್ಲ ನಂಬಿಕೆಗಳ ಬುಡ ಅಲ್ಲಿಗೆ ಕಡಿಯಿತು. ಅದೇ ವರ್ಷ ಬೆಲ್ಜಿಯಂನ ಫಾದರ್ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ಹಡಗಿನಲ್ಲಿ ತಂದು ಬಿಟ್ಟುಹೋಗುತ್ತಿದ್ದ ಜಾಗ ಅದು. ಅವರು ಅಲ್ಲಿ ಪೂಜೆ ಮಾಡಿದರು, ಮನೆ ಕಟ್ಟಿದರು, ಹುಣ್ಣು ಕಟ್ಟಿದರು, ಶವಪೆಟ್ಟಿಗೆಗಳನ್ನೂ ಮಾಡಿದರು. ರೋಗಿಗಳೊಂದಿಗೆ ಒಂದೇ ಪಾತ್ರೆಯಲ್ಲಿ ಉಂಡರು. ಕೊನೆಗೆ ಅದೇ ರೋಗ ತಗುಲಿ 1889ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಚರ್ಚು ಅವರನ್ನು ಸಂತ ಎಂದು ಘೋಷಿಸಿದ್ದು 2009ರಲ್ಲಿ.

ಕರ್ನಾಟಕದ ಕರಾವಳಿಯಲ್ಲೂ ಇದೇ ಕಾಲದಲ್ಲಿ ಇಂಥ ಕೆಲಸ ಶುರುವಾಯಿತು. ಯೇಸುಸಭೆಯ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಶ್ರಯಧಾಮ ತೆರೆದರು. ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿರುವ ಫಾದರ್ ಮುಲ್ಲರ್ ಸಂಸ್ಥೆಯ ಮೂಲ ಆ ಮರದ ನೆರಳು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನು ಆರಂಭಿಸಿದ್ದು 1886ರಲ್ಲಿ.

ಬೆಕ್ಕು ಕೊಟ್ಟ ಡಾಕ್ಟರು

ವಿದ್ಯಾರ್ಥಿಗಳು ತಿಳಿಯಲೇಬೇಕಾದ ಇನ್ನೊಂದು ಹೆಸರು ಡಾ. ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಯ ಮಗನಾಗಿ 1914ರಲ್ಲಿ ಹುಟ್ಟಿದ ಬ್ರಾಂಡ್, ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಬಂದರೆ ಮಾಂಸ ಕೊಳೆತು ಬೆರಳು ತಾನಾಗಿ ಉದುರುತ್ತದೆ ಎಂಬುದು ಆಗಿನ ನಂಬಿಕೆ. ಬ್ರಾಂಡ್ ಅದನ್ನು ಒಪ್ಪಲಿಲ್ಲ. ರೋಗಿಗಳ ಕೈಕಾಲುಗಳನ್ನು ದಿನವೂ ಹಿಡಿದು ನೋಡಿ ಅವರು ಕಂಡುಕೊಂಡ ಸತ್ಯ ಬೇರೆಯೇ ಆಗಿತ್ತು. ರೋಗ ಕೊಲ್ಲುವುದು ನರಗಳನ್ನು. ನರ ಸತ್ತರೆ ನೋವು ತಿಳಿಯದು. ನೋವು ತಿಳಿಯದವನು ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾನೆ, ಮುಳ್ಳು ಚುಚ್ಚಿದ ಕಾಲಲ್ಲೇ ನಡೆಯುತ್ತಾನೆ. ಬೆರಳು ಸವೆಯುವುದು ಹೀಗೆ.

ಕೆಲವರ ಬೆರಳಿನ ತುದಿಗಳು ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿದ್ದವು. ರಾತ್ರಿಯಿಡೀ ಕಾವಲು ಕೂತು ನೋಡಿದಾಗ ಗುಟ್ಟು ಬಯಲಾಯಿತು. ಮಲಗಿದವರ ಜೋಮು ಹಿಡಿದ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದವು. ಅಂದಿನಿಂದ ಆಸ್ಪತ್ರೆಯಿಂದ ಮನೆಗೆ ಹೊರಟ ರೋಗಿಗಳ ಕೈಗೆ ಔಷಧದ ಜೊತೆ ಒಂದು ಬೆಕ್ಕನ್ನೂ ಕೊಡಲಾಯಿತು. ಕೇಳಿದರೆ ನಗು ಬರುವ ಸಂಗತಿ. ಆದರೆ ಯಾರೂ ಬಳಿ ಸುಳಿಯದ ಮನುಷ್ಯ ರಾತ್ರಿ ಹೇಗೆ ಮಲಗುತ್ತಾನೆ ಎಂದು ಯೋಚಿಸಿದವರಿಗೆ ಮಾತ್ರ ಹೊಳೆಯುವ ಚಿಕಿತ್ಸೆ ಅದು. ಒಮ್ಮೆ ಬ್ರಾಂಡ್ ಸಹಜವಾಗಿ ಹೆಗಲ ಮೇಲೆ ಕೈಯಿಟ್ಟಾಗ ಒಬ್ಬ ರೋಗಿ ಬಿಕ್ಕಿಬಿಕ್ಕಿ ಅತ್ತನಂತೆ. ವರ್ಷಗಳಿಂದ ತನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಅವನ ಅಳುವಿಗೆ ಕಾರಣವಾಗಿತ್ತು. ಮಡಚಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಮತ್ತೆ ಬಿಡಿಸುವ ಶಸ್ತ್ರಚಿಕಿತ್ಸೆಯಿಂದ ಬ್ರಾಂಡ್ ಜಗತ್ಪ್ರಸಿದ್ಧರಾದರು. 2003ರಲ್ಲಿ ನಿಧನರಾದರು.

ಇದು ಕ್ರೈಸ್ತರಿಗೇ ಮೀಸಲಾದ ಗುಣವೆಂದು ಯಾರೂ ತಿಳಿಯಬೇಕಿಲ್ಲ. ಸೇವಾಗ್ರಾಮದಲ್ಲಿ ಗಾಂಧೀಜಿ, ಕುಷ್ಠ ತಗುಲಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳ ಮೈಯನ್ನು ತಮ್ಮ ಕೈಯಾರೆ ತಿಕ್ಕುತ್ತಿದ್ದರು. ಗಾಂಧೀಜಿ ಹುತಾತ್ಮರಾದ ಜನವರಿ 30 ನಮ್ಮ ದೇಶದಲ್ಲಿ ಕುಷ್ಠರೋಗ ನಿವಾರಣಾ ದಿನವೂ ಹೌದು. ಬಾಬಾ ಆಮ್ಟೆ ಮಹಾರಾಷ್ಟ್ರದಲ್ಲಿ ಆನಂದವನ ಕಟ್ಟಿದ್ದನ್ನೂ ಇಲ್ಲಿ ನೆನೆಯಬೇಕು. ಕಾಯಕ, ದಾಸೋಹಗಳನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರ ನಾಡಿನವರಿಗೆ ಈ ವಿಚಾರ ಹೊಸದಲ್ಲ.

ಕರುಣೆಯಿಂದ ಕೂಲಿಯ ಕಡೆಗೆ

ಸೇವೆಯಲ್ಲೂ ಒಂದು ಅಪಾಯವಿದೆ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಬಂದುಬಿಟ್ಟರೆ ರೋಗಿ ಬೇರೊಬ್ಬರ ಸ್ವರ್ಗಕ್ಕೆ ಏಣಿಯಾಗುತ್ತಾನೆ. ಸುಮನಹಳ್ಳಿಯಂಥ ಕೇಂದ್ರಗಳ ಅನುಭವದಿಂದ ಕಲಿಯಬೇಕಾದದ್ದು ಇಲ್ಲಿದೆ. ಅಲ್ಲಿ ಚಿಕಿತ್ಸೆಯ ಜೊತೆಗೆ ದುಡಿಮೆಯೂ ಬಂತು. ಚರ್ಮದ ವಸ್ತುಗಳನ್ನು ತಯಾರಿಸುವ, ಬಟ್ಟೆ ಹೊಲಿಯುವ ಘಟಕಗಳು ಆರಂಭವಾದವು. ಭಿಕ್ಷೆಗೆ ಚಾಚಿದ್ದ ಕೈ ಹೊಲಿಗೆ ಯಂತ್ರದ ಮೇಲೆ ಕೂತಿತು. ಕುಷ್ಠದ ಪ್ರಮಾಣ ಇಳಿದ ಮೇಲೆ, ಎಚ್‌ಐವಿ ಸೋಂಕಿನಿಂದ ದೂರ ತಳ್ಳಲ್ಪಟ್ಟವರಿಗೂ ಅಂಗವಿಕಲರಿಗೂ ಈ ಕೇಂದ್ರ ಬಾಗಿಲು ತೆರೆಯಿತು. ಕಾಯಿಲೆಯ ಹೆಸರು ಬದಲಾಗುತ್ತದೆ, ತಳ್ಳುವ ಕೈಗಳ ಸ್ವಭಾವ ಬದಲಾಗುವುದಿಲ್ಲ.

ಭಿಕ್ಷೆ ಹಾಕಿದವರಿಗೆ ಪಡೆದವನ ಹೆಸರು ಗೊತ್ತಿರಬೇಕಿಲ್ಲ. ಸಂಬಳ ಕೊಡಬೇಕಾದರೆ ಹೆಸರು ಬರೆದುಕೊಳ್ಳಬೇಕು, ಸಹಿ ಹಾಕಿಸಿಕೊಳ್ಳಬೇಕು, ಕೆಲಸ ಸರಿಯಿಲ್ಲದಿದ್ದರೆ ಸರಿಯಿಲ್ಲ ಎನ್ನಬೇಕು. ಇವೆಲ್ಲ ಸರೀಕನಿಗೆ ತೋರುವ ಮರ್ಯಾದೆ. ಬೆರಳು ಕಳೆದುಕೊಂಡವನಿಗೆ ಅನ್ನದಷ್ಟೇ ಬೇಕಾದದ್ದು ಈ ಮರ್ಯಾದೆ.

ಚರ್ಚು ಎಡವಿದ ಜಾಗಗಳು

ಆದರ್ಶವನ್ನಷ್ಟೇ ಹೇಳಿ ಚರಿತ್ರೆಯನ್ನು ಮುಚ್ಚಿಟ್ಟರೆ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಮುಟ್ಟಿದವನನ್ನು ಪೂಜಿಸಿದ ಚರ್ಚೇ ಮುಟ್ಟಬಾರದೆಂಬ ಗೋಡೆಗಳನ್ನೂ ಕಟ್ಟಿದ್ದುಂಟು. ಮಧ್ಯಯುಗದ ಯೂರೋಪಿನ ಕೆಲವೆಡೆ ಕುಷ್ಠರೋಗಿಯನ್ನು ಊರಿನಿಂದ ಬೇರ್ಪಡಿಸುವಾಗ ಬದುಕಿರುವವನಿಗೇ ಶವಸಂಸ್ಕಾರದಂಥ ವಿಧಿ ನಡೆಸಿದ ದಾಖಲೆಗಳಿವೆ. 1179ರ ಲ್ಯಾಟರನ್ ಮಹಾಸಭೆ, ಕುಷ್ಠರೋಗಿಗಳು ತಮ್ಮದೇ ಚರ್ಚು, ತಮ್ಮದೇ ಸ್ಮಶಾನ ಹೊಂದಲು ಅವಕಾಶ ಕೊಟ್ಟಿತು. ಇತರರ ಜೊತೆ ಬೆರೆಯಲು ಅವರಿಗೆ ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡೇ ಕೊಟ್ಟ ಅವಕಾಶ ಅದು.

ನಮ್ಮ ದಕ್ಷಿಣ ಭಾರತದಲ್ಲಿ ರೋಗದ ಜಾಗಕ್ಕೆ ಜಾತಿ ಬಂತು. ಕೆಲವು ಚರ್ಚುಗಳಲ್ಲಿ ಜಾತಿಗೊಂದು ಸಾಲು, ಸ್ಮಶಾನದಲ್ಲೂ ನಡುವೆ ಗೋಡೆ. ಪ್ರಭು ಭೋಜನದ ಪಾತ್ರೆಯನ್ನು ಯಾರು ಮೊದಲು ತುಟಿಗೆ ತಾಗಿಸಬೇಕು ಎಂಬುದೂ ಜಗಳವಾಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಚರ್ಚಿನೊಳಗೆ ಜಾತಿಭೇದ ಕೂಡಲೇ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದರು. ಆಗ ತಮಿಳು ಸೀಮೆಯ ಹಲವರು ಚರ್ಚನ್ನೇ ಬಿಟ್ಟರು, ಭೇದವನ್ನು ಬಿಡಲಿಲ್ಲ. ಈ ಭೇದ ಪೂರ್ತಿ ಅಳಿದಿಲ್ಲ ಎಂದು ದಲಿತ ಕ್ರೈಸ್ತರು ಇಂದಿಗೂ ದನಿಯೆತ್ತುತ್ತಿದ್ದಾರೆ. ಹೊರಗಿನವರು ಇದನ್ನು ಹೇಳಿದರೆ ಟೀಕೆ ಎನಿಸಬಹುದು. ಆದರೆ ಯಾಕೋಬನ ಪತ್ರ ಇದನ್ನೇ ಹೇಳಿದ್ದು ಸಭೆಯ ಒಳಗಿನಿಂದ. ಪಕ್ಕದ ಸಾಲಿನವನ ಕೈ ಹಿಡಿಯದ ಕೈ ದೇವರಿಗೆ ಮುಗಿದರೇನು ಫಲ ಎಂದು ಕೇಳುವ ಹಕ್ಕು ಮೊದಲು ಇರುವುದು ಆ ಸಾಲಿನಲ್ಲಿ ಕೂತವನಿಗೆ.

ರೋಗ ಹೋಯಿತು, ಭಯ ಉಳಿಯಿತು

ಇಂದು ಕುಷ್ಠ ಸಂಪೂರ್ಣ ವಾಸಿಯಾಗುವ ಕಾಯಿಲೆ. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆ 1980ರ ದಶಕದಲ್ಲಿ ಬಂದ ಮೇಲೆ ಜಗತ್ತಿನ ಚಿತ್ರವೇ ಬದಲಾಯಿತು. ಕುಷ್ಠ ಇನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಲ್ಲ ಎನ್ನುವ ಮಟ್ಟವನ್ನು ಭಾರತ 2005ರ ಕೊನೆಯಲ್ಲಿ ಮುಟ್ಟಿತು. ರಾಷ್ಟ್ರಮಟ್ಟದಲ್ಲಿ 10 ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬುದು ಅದರ ಅಳತೆ. ಹಾಗೆಂದು ರೋಗ ಮಾಯವಾಗಿಲ್ಲ. 2023ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ ಸುಮಾರು 1.8 ಲಕ್ಷ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರೇ.

ಔಷಧ ಬಂದಷ್ಟು ಬೇಗ ಕಾನೂನು ಬದಲಾಗಲಿಲ್ಲ. ಬಡ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶವಿದ್ದ 1898ರ ಬ್ರಿಟಿಷ್ ಕಾಯ್ದೆ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆ ಎಂಬುದೇ ವಿಚ್ಛೇದನಕ್ಕೆ ಸಾಕಾಗಿದ್ದ ನಿಯಮವನ್ನು ತೆಗೆದುಹಾಕಿದ್ದು 2019ರಲ್ಲಿ. ಕಾನೂನಿಗಿಂತ ನಿಧಾನವಾಗಿ ಬದಲಾಗುವುದು ಮನಸ್ಸು. ಪೂರ್ತಿ ವಾಸಿಯಾಗಿ, ಆಸ್ಪತ್ರೆಯ ಕಾಗದ ಕೈಯಲ್ಲಿ ಹಿಡಿದವರನ್ನೂ ಮನೆಯವರು ಒಳಗೆ ಕರೆಯದಿರುವುದುಂಟು. ಅಕ್ಕನ ಮದುವೆ ನಿಂತೀತು, ತಮ್ಮನಿಗೆ ಹೆಣ್ಣು ಸಿಗಲಿಕ್ಕಿಲ್ಲ ಎಂಬ ಅಂಜಿಕೆ. ಮಹಾರೋಗ ಎಂಬ ಹಳೆಯ ಹೆಸರಿನ ಭಾರ ಅಷ್ಟು ಸುಲಭವಾಗಿ ಇಳಿಯದು.

ಈ ಭಯ ಹಳೆಯ ಕಾಲದ ಓದಿಲ್ಲದವರದು ಎನ್ನುವಂತಿಲ್ಲ. 2020ರಲ್ಲಿ ಕೊರೋನಾ ಬಂದಾಗ ದೇಶದ ಹಲವು ನಗರಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಡಾಕ್ಟರು, ನರ್ಸುಗಳಿಗೇ ಬಾಡಿಗೆ ಮನೆ ಖಾಲಿ ಮಾಡುವಂತೆ ಹೇಳಿದವರು ಓದು ಬರಹ ಬಲ್ಲವರೇ. ಅವರಿಗಾಗಿ ತಟ್ಟೆ ಬಾರಿಸಿ, ದೀಪ ಹಚ್ಚಿದ್ದೂ ಅದೇ ದಿನಗಳಲ್ಲಿ. ಗೌರವದ ವಿಧಿ ನಡೆಯಿತು, ನಡವಳಿಕೆ ಹಿಂದೆ ಬಿತ್ತು. ಪೂಜೆಗೂ ನಡತೆಗೂ ನಡುವಿನ ಅಂತರ ಎಂದರೆ ಇದೇ.

ಮನೆಯೇ ಮೊದಲ ಪೀಠ

ಎಲ್ಲರೂ ಮೊಲೊಕಾಯ್ ದ್ವೀಪಕ್ಕೆ ಹೋಗಬೇಕಿಲ್ಲ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರನಿದ್ದ. ಹಿಂದೆ ಸೈನಿಕನಾಗಿದ್ದವನು. ಮಠದಲ್ಲಿ ಅವನ ಪಾಲಿಗೆ ಬಂದದ್ದು ಅಡುಗೆಮನೆ. ಪಾತ್ರೆಗಳ ಸದ್ದಿನ ನಡುವೆ, ಹತ್ತು ಜನ ಹತ್ತು ಬಗೆಯಾಗಿ ಕರೆಯುವಾಗಲೂ ತಾನು ಪ್ರಾರ್ಥನೆಯಲ್ಲೇ ಇದ್ದೇನೆ ಎಂದುಕೊಂಡು ಆತ ಕೆಲಸ ಮಾಡಿದ. ಅವನ ಮಾತುಗಳನ್ನು ಇತರರು ಬರೆದಿಟ್ಟದ್ದರಿಂದ ಇಂದಿಗೂ ಲೋಕ ಅವನನ್ನು ಬಲ್ಲದು.

ಬಿನ್ನಿಪೇಟೆಯ ಒಂದು ಸಾಮಾನ್ಯ ಮನೆಯಲ್ಲಿ ಇದು ಹೇಗೆ ಕಾಣಬಹುದು? ಮನೆಗೆಲಸಕ್ಕೆ ಬರುವ ಆಂಟಿಗೆ ಕಾಫಿ ಕೊಡಲು ಕಿಟಕಿಯ ಮೇಲೆ ಬೇರೆ ಲೋಟ ಇಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅದು ಯಾವುದೇ ಒಂದು ಧರ್ಮದ ಮನೆಗೆ ಸೀಮಿತವಲ್ಲ. ದೇವರ ಪಟದ ಮುಂದೆ ದೀಪ ಹಚ್ಚುವ ಮನೆಯಲ್ಲೂ ಇದೆ, ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚುವ ಮನೆಯಲ್ಲೂ ಇದೆ. ಮಕ್ಕಳು ಧರ್ಮವನ್ನು ಕಲಿಯುವುದು ಭಾನುವಾರದ ಪ್ರವಚನದಿಂದ ಸ್ವಲ್ಪ, ಆ ಲೋಟದಿಂದ ಬಹಳ. ಕಸ ತೆಗೆದುಕೊಂಡು ಹೋಗಲು ಬಂದ ಪೌರಕಾರ್ಮಿಕರನ್ನು ಅಪ್ಪ ಏಕವಚನದಲ್ಲಿ ಕರೆದರೆ ಮಗನೂ ಹಾಗೆಯೇ ಕರೆಯುತ್ತಾನೆ. ತಿಂಗಳ ಕೊನೆಯಲ್ಲಿ ಕೆಲಸದವರ ಸಂಬಳವನ್ನು ನಾಳೆ, ನಾಡಿದ್ದು ಎಂದು ಅಮ್ಮ ಮುಂದೂಡಿದರೆ ಮಗಳು ಆ ಲೆಕ್ಕವನ್ನೂ ಕಲಿಯುತ್ತಾಳೆ.

ಶಾಲೆಯಲ್ಲಿ ಇದರ ಪರೀಕ್ಷೆ ಇನ್ನೂ ಹತ್ತಿರದ್ದು. ಮೈಮೇಲೆ ಮಚ್ಚೆಯಿರುವ ಹುಡುಗಿಯ ಪಕ್ಕ ಯಾರು ಕೂರುತ್ತಾರೆ? ತೊದಲುವ ಹುಡುಗ ಓದಲು ಎದ್ದು ನಿಂತಾಗ ಮೊದಲು ನಕ್ಕವರು ಯಾರು, ನಗದೆ ಕಾದವರು ಯಾರು? ಜಗಳವಾಡಿ ಮಾತು ಬಿಟ್ಟ ಗೆಳೆಯನ ಬಳಿಗೆ ಮೊದಲು ಹೋಗುವವರು ಯಾರು? ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂಬ ಮಾತು ಈ ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ. ಪರೀಕ್ಷೆಗೆ ಮುನ್ನ ಚರ್ಚಿಗೋ ದೇವಸ್ಥಾನಕ್ಕೋ ಮಸೀದಿಗೋ ಹೋಗಿ ಬರುವ ವಿದ್ಯಾರ್ಥಿ, ಪೆನ್ನು ಮರೆತು ಬಂದ ಪಕ್ಕದವನಿಗೆ ತನ್ನ ಇನ್ನೊಂದು ಪೆನ್ನನ್ನು ಕೊಟ್ಟರೆ ಬೇಡಿಕೊಂಡದ್ದರ ಒಂದು ಪಾಲನ್ನು ತಾನೇ ನಡೆಸಿದಂತೆ.

ಚರ್ಚಿನ ಗಂಟೆ, ಮೇಣದಬತ್ತಿ, ಹಾಡುಗಳಿಗೆ ಅವುಗಳದೇ ಜಾಗವಿದೆ. ಮೈಮರೆತು ಕೈಮುಗಿಯುವ ಗಳಿಗೆ ಮನುಷ್ಯನಿಗೆ ಬೇಕು. ಆದರೆ ಆ ಪೂಜೆ ಕೊನೆಗೆ ಭಕ್ತನನ್ನು ಹೊರಗೆ ಕಳುಹಿಸುತ್ತದೆ ಎಂಬುದನ್ನು ಮರೆಯಬಾರದು. ಹೊರಗೆ ಕಾಯುತ್ತಿರುವವರಲ್ಲಿ ಕುಷ್ಠ ವಾಸಿಯಾಗಿಯೂ ಮನೆ ಸೇರಲಾಗದವರಿದ್ದಾರೆ, ಸಂಬಳಕ್ಕೆ ಕಾದವರಿದ್ದಾರೆ, ಪಕ್ಕದ ಬೆಂಚಿನಲ್ಲಿ ಒಂಟಿಯಾಗಿ ಕೂತವರಿದ್ದಾರೆ. ಭಾನುವಾರ ಮುಗಿದ ಕೈ ಸೋಮವಾರ ಅವರಲ್ಲಿ ಒಬ್ಬರ ಹೆಗಲ ಮೇಲೆ ಹೋದರೆ ಪೂಜೆ ಪೂರ್ಣವಾಯಿತು ಎನ್ನಬಹುದು.

ಕುಷ್ಠ: ವಿದ್ಯಾರ್ಥಿಗಳಿಗೆ ತಿಳಿದಿರಲಿ

* ಕುಷ್ಠ ಬರುವುದು ಬ್ಯಾಕ್ಟೀರಿಯದಿಂದ. ಅದು ಶಾಪವೂ ಅಲ್ಲ, ಅನುವಂಶೀಯವೂ ಅಲ್ಲ.

* ನೂರರಲ್ಲಿ ಸುಮಾರು 95 ಜನರ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಕೈಕುಲುಕಿದರೆ, ಪಕ್ಕದಲ್ಲಿ ಕೂತರೆ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯೊಂದಿಗೆ ಬಹುಕಾಲ ಹತ್ತಿರದಲ್ಲಿ ಇದ್ದರೆ ಮಾತ್ರ ಹರಡುವ ಸಂಭವ.

* ಚರ್ಮದ ಮೇಲೆ ತಿಳಿಬಣ್ಣದ ಅಥವಾ ಕೆಂಪಗಿನ, ಸ್ಪರ್ಶ ತಿಳಿಯದ ಮಚ್ಚೆ ಮೊದಲ ಲಕ್ಷಣ. ಕೈಕಾಲಿನಲ್ಲಿ ಜೋಮು ಬಂದರೂ ತೋರಿಸಿಕೊಳ್ಳಬೇಕು.

* ರೋಗಾಣು ದೇಹ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಸುಮಾರು 5 ವರ್ಷ ಹಿಡಿಯುತ್ತದೆ. ಕೆಲವರಲ್ಲಿ 20 ವರ್ಷವೂ ಆಗಬಹುದು.

* ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಔಷಧ ಶುರುವಾದ ಸ್ವಲ್ಪ ಕಾಲದಲ್ಲೇ ರೋಗ ಹರಡುವುದು ನಿಲ್ಲುತ್ತದೆ.

* ತೊನ್ನು ಕುಷ್ಠವಲ್ಲ. ಅದು ಚರ್ಮದ ಬಣ್ಣ ಹೋಗುವ ಸ್ಥಿತಿ ಮಾತ್ರ, ಅಂಟುವುದಿಲ್ಲ.